ಕೈ ಸೋತ ದಿನ

ಕಾರ್ಮಿಕರ ಪರಿಹಾರ ಮಂಡಳಿಯ ಮೂರನೇ ಮಹಡಿಗೆ ನಮ್ಮವರನ್ನು ಹತ್ತಿಸಿಕೊಂಡು ಹೋಗುವುದಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಲಿಫ್ಟ್ ಇತ್ತು, ಅದರ ಬಾಗಿಲಿಗೆ ‘ಕೆಟ್ಟಿದೆ’ ಎಂಬ ಚೀಟಿಯೂ ಇತ್ತು. ದುಡಿದು ಮೈ ಹಾಳು ಮಾಡಿಕೊಂಡವರಿಗಾಗಿ ಇರುವ ಕಚೇರಿಯನ್ನು ಮೂರನೇ ಮಹಡಿಯಲ್ಲಿ ಇಟ್ಟ ಪುಣ್ಯಾತ್ಮ ಯಾರೋ, ಅವನಿಗೆ ಮೆಟ್ಟಿಲಿಗೊಂದರಂತೆ ಬೈದುಕೊಂಡು ಹತ್ತಿದೆ. ನಾಲ್ಕು ಮೆಟ್ಟಿಲು ಹತ್ತುವುದು, ನಿಲ್ಲುವುದು, ನಮ್ಮವರು ಕಂಬಿ ಹಿಡಿದು ಬಗ್ಗಿ ಗಾಳಿಗಾಗಿ ಬಾಯಿ ತೆರೆಯುವುದು, ಮತ್ತೆ ನಾಲ್ಕು ಮೆಟ್ಟಿಲು. ಇಪ್ಪತ್ತೆರಡು ವರ್ಷ ಕಲ್ಲಿನ ಅಂಚು ತೀಡಿದ ಮನುಷ್ಯ. ಆ ಕಲ್ಲಿನ ಧೂಳೆಲ್ಲ ಶ್ವಾಸಕೋಶದಲ್ಲಿ ಗಟ್ಟಿಯಾಗಿ ಕೂತಿದೆ ಎಂದು ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದ್ದರು.

ಅಧಿಕಾರಿ ಒಬ್ಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಎದ್ದು ಬಂದು ನಮ್ಮವರಿಗೆ ಕುರ್ಚಿ ಎಳೆದು ಕೊಟ್ಟರು, ನೀರು ಕೊಟ್ಟರು, ಉಸಿರು ಹದಕ್ಕೆ ಬರುವವರೆಗೆ ಸುಮ್ಮನೆ ಕಾದರು. ಜಗಳಕ್ಕೆ ಸೆರಗು ಬಿಗಿದುಕೊಂಡು ಹೋಗಿದ್ದ ನನಗೆ ಇದರಿಂದ ಸ್ವಲ್ಪ ನಿರಾಸೆಯೇ ಆಯಿತು.

“ಕಾಯಿಲೆ ಇದೆ, ಅದು ಕೆಲಸದಿಂದಲೇ ಬಂದಿದೆ, ಇದರಲ್ಲಿ ನನಗೆ ಅನುಮಾನ ಇಲ್ಲಮ್ಮ,” ಎಂದರು. “ಆದ್ರೆ ಕಾನೂನು ಕೇಳೋದು ಕಾಯಿಲೆ ಇದೆಯಾ ಅಂತಲ್ಲ. ಆ ಕಾಯಿಲೆಯಿಂದ ತಾನು ಮಾಡ್ತಿದ್ದ ಕೆಲಸ ಮಾಡಿ ಪೂರ್ತಿ ಕೂಲಿ ದುಡಿಯೋಕೆ ಆಗದೇ ಹೋಯ್ತಾ, ಹೋಗಿದ್ರೆ ಯಾವತ್ತಿಂದ, ಅಂತ. ಅದಕ್ಕೇ ನಾವು ಅಸಮರ್ಥತೆ ಅನ್ನೋದು. ಕೈ ಮುರಿದ್ರೆ ಮುರಿದ ದಿನ ಗೊತ್ತಿರುತ್ತೆ. ಧೂಳಿನ ಕಾಯಿಲೆಗೆ ಹಾಗೆ ಒಂದು ದಿನ ಅಂತ ಇರಲ್ಲ. ಕೈ ಸೋತ ದಿನವೇ ಅದರ ದಿನ. ನಿಮ್ಮವರ ಕೈ ಸೋತಿದ್ದು ಯಾವತ್ತು?”

“ಐದು ತಿಂಗಳಾಯ್ತು ಮೇಡಂ, ಹಾಸಿಗೆ ಹಿಡಿದು,” ಎಂದೆ.

ಅವರು ತಮ್ಮ ಮುಂದಿದ್ದ ಕಾಗದಗಳನ್ನು ನನ್ನ ಕಡೆಗೆ ತಿರುಗಿಸಿದರು. “ಕಾರ್ಖಾನೆಯವರ ಪುಸ್ತಕದಲ್ಲಿ ಹಾಗಿಲ್ವಲ್ಲ. ಮೊನ್ನೆ ಶುಕ್ರವಾರದವರೆಗೂ ದಿನಕ್ಕೆ ಹನ್ನೊಂದು ಕಲ್ಲು. ಪೂರ್ತಿ ಕೂಲಿ. ಪುಸ್ತಕದ ಪ್ರಕಾರ ಇವರು ಆರೋಗ್ಯವಂತರಿಗಿಂತ ಚೆನ್ನಾಗಿ ದುಡೀತಿದ್ದಾರೆ.”

ಆ ಹನ್ನೊಂದು ಕಲ್ಲು ಎಲ್ಲಿಂದ ಬಂದವೆಂದು ನನಗೆ ಗೊತ್ತಿತ್ತು.

ನಮ್ಮವರ ಕಾರ್ಖಾನೆಯಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲು ತಯಾರಾಗುತ್ತದೆ. ಒಬ್ಬ ದೊಡ್ಡ ಗರಗಸದಲ್ಲಿ ಚಪ್ಪಡಿ ಕೊಯ್ಯುತ್ತಾನೆ, ಇನ್ನೊಬ್ಬ ಸಿಂಕಿಗೆ ತೂತು ತೆಗೆಯುತ್ತಾನೆ. ಅಂಚು ತೀಡುವವರು ಹನ್ನೆರಡು ಜನ. ನೀರು ಬಿಟ್ಟುಕೊಂಡು ಕೈಮಷೀನಿಗೆ ಒರಟು ಬಿಲ್ಲೆಯಿಂದ ನಯವಾದ ಬಿಲ್ಲೆಯವರೆಗೆ ಏಳು ಬಿಲ್ಲೆ ಬದಲಾಯಿಸುತ್ತ ಕಲ್ಲಿನ ಅಂಚನ್ನು ಹೊಳೆಯಿಸಬೇಕು. ಅಲ್ಲಿ ಹಾಜರಿ ಪುಸ್ತಕವಿಲ್ಲ. ಮುಗಿಸಿದ ಕಲ್ಲಿನ ಅಡಿಯಲ್ಲಿ ಪ್ರತಿಯೊಬ್ಬರೂ ಮೇಣದ ಪೆನ್ಸಿಲಿನಿಂದ ತಮ್ಮ ಗುರುತು ಹಾಕುತ್ತಾರೆ, ಸಂಜೆ ಗುಮಾಸ್ತ ಬಂದು ಗುರುತು ಎಣಿಸಿಕೊಂಡು ಹೋಗುತ್ತಾನೆ. ಗುರುತು ಇದ್ದರೆ ಆಳು ಇದ್ದ ಹಾಗೆ. ನಮ್ಮವರದು ಒಂದು ಅರ್ಧಚಂದ್ರ, ಅದರ ಕೆಳಗೆ ಎರಡು ಗೀಟು.

ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಉಳಿದವರು ತಮ್ಮ ಕಲ್ಲುಗಳಲ್ಲಿ ಒಂದೊಂದಕ್ಕೆ ಅವನ ಗುರುತು ಹಾಕಿಬಿಡುತ್ತಾರೆ. ‘ಗುರುತು ಎರವಲು’ ಅಂತ ಅದಕ್ಕೊಂದು ಹೆಸರೂ ಇದೆ. ಮಾಲೀಕನಿಗೆ ಇದು ತಿಳಿಯದು. ಗುಮಾಸ್ತ ತಿಳಿದೂ ಜಾಣಕುರುಡ. ನಮ್ಮವರೂ ಎಷ್ಟೋ ಜನಕ್ಕೆ ಹೀಗೆ ಹಾಕಿಕೊಟ್ಟವರೇ. ಈಗ ಅವರ ಸರದಿ ಬಂದಾಗ ಹನ್ನೊಂದು ಜನ ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟರು, ಶನಿವಾರ ಶನಿವಾರ ಕೂಲಿಯ ಲಕೋಟೆ ಮನೆಗೆ ಬಂತು, ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಒಂದು ಸಲವೂ ಬೇಡ ಅನ್ನಲಿಲ್ಲ.

ಅದೇ ಈಗ ಕುತ್ತಿಗೆಗೆ ಬಂದಿತ್ತು. ಮನೆಯಲ್ಲಿ ಆಮ್ಲಜನಕದ ಯಂತ್ರ ಇಡಲೇಬೇಕು, ಇಲ್ಲದಿದ್ದರೆ ಚಳಿಗಾಲ ಕಳೆಯುವುದು ಕಷ್ಟ ಎಂದಿದ್ದರು ಡಾಕ್ಟರು. ಆ ಯಂತ್ರ ಮಂಡಳಿಯಿಂದ ಬರಬೇಕು, ಮಂಡಳಿ ಕೊಡಬೇಕಾದರೆ ಅಸಮರ್ಥತೆ ಸಾಬೀತಾಗಬೇಕು. ನಿಜ ಬಾಯಿಬಿಟ್ಟರೆ ಹನ್ನೊಂದು ಮನೆಯ ಒಲೆ ಆರುತ್ತದೆ. “ಒಂದು ತಿಂಗಳು ಪುಸ್ತಕದಲ್ಲಿ ಇವರ ಗುರುತು ಕಾಣಿಸದಿದ್ರೆ ಸಾಕು, ಬನ್ನಿ, ಆ ತಾರೀಖಿನಿಂದ ಬರೀತೀನಿ,” ಎಂದರು ಅಧಿಕಾರಿ, ನನ್ನ ಮುಖವನ್ನೇ ನೋಡುತ್ತ. ಅವರಿಗೆ ಎಲ್ಲ ಅರ್ಥವಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಅವತ್ತೇ ಸಂಜೆ ಕಾರ್ಖಾನೆಯ ಗೇಟಿನಲ್ಲಿ ನಿಂತು ಕೊಕ್ಕರೆಯನ್ನು ಹಿಡಿದೆ. ಕೊಕ್ಕರೆ ಎಂದರೆ ನಮ್ಮವರ ಪಕ್ಕದಲ್ಲೇ ನಿಂತು ಅಂಚು ತೀಡುವವನು. ಕಾಲು ಉದ್ದ, ಕತ್ತು ಅದಕ್ಕಿಂತ ಉದ್ದ, ಹೆಸರು ಅವನ ಹೆಂಡತಿಗೂ ಮರೆತಿದೆ. ಲಕೋಟೆ ತರುತ್ತಿದ್ದವನು ಅವನೇ.

“ನಿಲ್ಸಿಬಿಡಿ ಮಾರಾಯ. ನಿಮ್ಮ ಉಪಕಾರದಿಂದ ನಮ್ಮ ಮನೇಲಿ ಹೆಣ ಬೀಳತ್ತೆ,” ಎಂದೆ. ನನ್ನ ನಾಲಿಗೆಯೇ ಹಾಗೆ.

ಅವನ ಕಣ್ಣು ತುಂಬಿಬಂತು. “ಅಂಚಣ್ಣಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ವಿ ಅಕ್ಕ,” ಎಂದ. ಅಲ್ಲಿ ಎಲ್ಲರೂ ನಮ್ಮವರನ್ನು ಅಂಚಣ್ಣ ಎಂದೇ ಕರೆಯುವುದು. “ಸೋಮವಾರದಿಂದ ಒಂದು ಗುರುತೂ ಬೀಳಲ್ಲ, ನನ್ನ ಮಾತು.”

ಆ ಸೋಮವಾರ ಕಳೆದು ಬಂದ ಶನಿವಾರ ಅವನು ಬರಬಾರದಿತ್ತು. ಬಂದ. ಒಳಗೆ ಕಾಲಿಡದೆ ಹೊಸಲಿನಾಚೆಯೇ ನಿಂತು ಲಕೋಟೆ ಚಾಚಿದ. ಎಂದಿನ ಹಾಗೇ ತುಂಬಿದ ಲಕೋಟೆ.

ನನಗೆ ಪಿತ್ತ ನೆತ್ತಿಗೇರಿತು. “ನಿಂಗೆ ಮಾತು ಅಂದ್ರೆ ಏನು ಅಂತ ಗೊತ್ತೇನೋ?”

“ಯಾರೂ ಹಾಕಿಲ್ಲ ಅಕ್ಕ. ನನ್ನ ಮಕ್ಕಳ ಮೇಲಾಣೆ.” ಧ್ವನಿ ತಗ್ಗಿಸಿದ. “ಸೋಮವಾರ ಸಂಜೆ ಗುಮಾಸ್ತ ಎಣಿಸಿದಾಗ ಅಂಚಣ್ಣನ ಗುರುತು ಹನ್ನೊಂದಿತ್ತು. ನಮ್ಮೋರೇ ಯಾರೋ ತಮಾಷೆ ಮಾಡಿದ್ದಾರೆ ಅಂತ ಎಲ್ಲರನ್ನೂ ಬೈದೆ. ಮಂಗಳವಾರ ನಮ್ಮ ನಮ್ಮ ಕಲ್ಲೆಲ್ಲ ಲೆಕ್ಕ ಇಟ್ಕೊಂಡ್ವಿ. ನಮ್ಮದು ಯಾವುದೂ ಕಮ್ಮಿ ಆಗಿಲ್ಲ. ಆದ್ರೂ ಕಲ್ಲಿನ ಸ್ಟ್ಯಾಂಡಿನ ಕೊನೇಲಿ ಹನ್ನೊಂದು ಒರಗಿಸಿಟ್ಟಿತ್ತು. ಬುಧವಾರ ನಾನು ಬಗ್ಗಿ ಅದರ ಕೆಳಗಿನ ಮೂಲೆ ಮುಟ್ಟಿ ನೋಡ್ದೆ.”

“ಮುಟ್ಟಿ?”

“ಉರುಟಾಗಿತ್ತು ಅಕ್ಕ, ದುಂಡಗೆ.”

ಮುಂದೆ ಅವನು ಏನೂ ಹೇಳಬೇಕಾಗಿರಲಿಲ್ಲ. ಕಟ್ಟೆಯ ಕಲ್ಲಿಗೆ ಮೇಲಿನ ಅಂಚು ಮಾತ್ರ ಕಾಣುತ್ತದೆ, ಎಲ್ಲರೂ ಅದನ್ನಷ್ಟೇ ನಯ ಮಾಡುತ್ತಾರೆ. ಯಾರಿಗೂ ಕಾಣದ ಕೆಳಗಿನ ಮೂಲೆಯನ್ನೂ ಉರುಟು ಮಾಡುವ ಹುಚ್ಚು ನಮ್ಮವರೊಬ್ಬರಿಗೇ. ಅಂಬೆಗಾಲಿಡುವ ಮಕ್ಕಳು ಕಟ್ಟೆ ಹಿಡಿದು ಏಳುವಾಗ ಅವುಗಳ ಹಣೆ ಆ ಮೂಲೆಯ ಎತ್ತರಕ್ಕೆ ಬರುತ್ತದೆ ಎನ್ನುವುದು ಅವರ ವಾದ. ಇದಕ್ಕಾಗಿ ಜೊತೆಯವರಿಂದ ಎಷ್ಟು ತಮಾಷೆ ಮಾಡಿಸಿಕೊಂಡಿದ್ದಾರೋ. ಅದನ್ನು ಕಲಿಯುವ ತಾಳ್ಮೆ ಮಾತ್ರ ಒಬ್ಬರಿಗೂ ಇರಲಿಲ್ಲ.

ನಾನು ಲಕೋಟೆಯನ್ನು ಗೋಡೆಯ ಕಪಾಟಿನಲ್ಲಿ ಇಟ್ಟೆ, ತೆರೆಯಲಿಲ್ಲ. ಯಾರೋ ಹೊಟ್ಟೆಕಿಚ್ಚಿಗೆ ಆಟ ಆಡುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೆ, ಯಾಕೆ ಹೊಟ್ಟೆಕಿಚ್ಚು ಎಂದು ಮಾತ್ರ ಹೊಳೆಯಲಿಲ್ಲ.

ಮುಂದಿನ ವಾರ ಡಾಕ್ಟರ ಹತ್ತಿರ ಹೋದೆವು. ಅವರು ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ನನ್ನ ಕಡೆ ಸಿಟ್ಟಿನಿಂದ ತಿರುಗಿದರು.

“ಧೂಳಿನ ಹತ್ತಿರ ಸುಳೀಬೇಡಿ ಅಂತ ಹೇಳಿದ್ನೋ ಇಲ್ವೋ? ಮತ್ತೆ ಕೆಲಸಕ್ಕೆ ಕಳಿಸ್ತಿದ್ದೀರಾ?”

“ಮಂಚ ಬಿಟ್ಟು ಕಕ್ಕಸಿಗೆ ಹೋಗೋಕೂ ನನ್ನ ಹೆಗಲು ಬೇಕು ಡಾಕ್ಟ್ರೇ.”

“ಹಾಗಾದ್ರೆ ಇದೇನು?” ಎಂದು ಅವರು ಬೆರಳಿಟ್ಟು ತೋರಿಸಿದರು. “ಇದು ಹೊಸ ಧೂಳು. ಮೊನ್ನೆ ಮೊನ್ನೆ ಕೂತಿದ್ದು. ಇದು ನಿಲ್ಲದೇ ಹೋದ್ರೆ ಯಾವ ಯಂತ್ರ ತಂದಿಟ್ಟರೂ ಅಷ್ಟೇ. ಎರಡು ತಿಂಗಳು, ಹೆಚ್ಚಂದ್ರೆ ಮೂರು.”

ನಮ್ಮವರು ಪಕ್ಕದ ಬೆಂಚಿನಲ್ಲಿ ಕೂತು ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು. ನಾನೂ ನೋಡಿದೆ. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಗೆರೆ. ಕಾರ್ಖಾನೆಯಿಂದ ಬಂದ ದಿನಗಳಲ್ಲಿ ಇರುತ್ತಿತ್ತಲ್ಲ, ಕಲ್ಲಿನ ರಾಡಿ ಒಣಗಿ ಕೂತದ್ದು, ಅದೇ. ಐದು ತಿಂಗಳಿಂದ ಆ ಕೈಯನ್ನು ದಿನಾ ತೊಳೆಯುತ್ತಿದ್ದವಳು ನಾನು.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವರ ಉಗುರುಗಳನ್ನು ಬ್ರಷ್ಷಿನಲ್ಲಿ ತಿಕ್ಕಿ ಬೆಳ್ಳಗೆ ಮಾಡಿದೆ. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯನ್ನು ಎರಡೂ ಕೈಗೆ ಸುತ್ತಿ ಮಣಿಕಟ್ಟಿನ ಹತ್ತಿರ ದಾರ ಕಟ್ಟಿದೆ. “ಇದೇನೇ ಹೊಸ ಔಷಧಿ?” ಎಂದರು. “ಚರ್ಮ ಒಡೀತಿದೆ, ಎಣ್ಣೆ ಹಚ್ಚಿದ್ದೀನಿ,” ಎಂದೆ. ಬೆಳಗಿನ ಮಾತ್ರೆ ನುಂಗಿದ ಮೇಲೆ ಅವರಿಗೆ ಹೇಗೂ ನಿದ್ದೆ ಬರುತ್ತದೆ, ನಾಲ್ಕರವರೆಗೆ ಎಚ್ಚರವಿರುವುದಿಲ್ಲ. ನಾನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು, ಬೀದಿಯಲ್ಲಿ ಯಾರೋ ಹಳೆ ಪೇಪರಿಗೆ ಕೂಗುತ್ತಿದ್ದರು. ಅವರ ಬಲಗೈ ಹೊದಿಕೆಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಜಾರುತ್ತಿತ್ತು, ತುದಿಗೆ ಬಂದಾಗ ಸ್ವಲ್ಪ ಕೆಳಗಿಳಿದು ತಿರುವುತ್ತಿತ್ತು, ಮತ್ತೆ ಎಡಕ್ಕೆ ಬರುತ್ತಿತ್ತು. ಆ ಮನುಷ್ಯ ಮಂಚ ಬಿಟ್ಟು ಒಂದು ಗೇಣೂ ಅಲುಗಲಿಲ್ಲ.

ನಾಲ್ಕಕ್ಕೆ ದಾರ ಬಿಚ್ಚಿದೆ. ಬಟ್ಟೆ ಹೊರಗಿನಿಂದ ಇಸ್ತ್ರಿಯ ಗೆರೆ ಕೂಡ ಮಾಸದೆ ಬೆಳ್ಳಗಿತ್ತು. ಒಳಮಗ್ಗುಲಲ್ಲಿ ಒದ್ದೆ ಬೂದು ರಾಡಿ. ಬೆರಳಿನಿಂದ ಮುಟ್ಟಿದರೆ ತಣ್ಣಗಿತ್ತು, ಉಜ್ಜಿದರೆ ನುಣ್ಣನೆಯ ಮರಳು ಹತ್ತಿತು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಹಿತ್ತಲಿನ ಬಾಗಿಲು ಹಾಕಿಕೊಂಡು, ಅಲ್ಲೇ ನೆಲದ ಮೇಲೆ ಕೂತೆ.

ಎರಡು ದಿನ ಬಿಟ್ಟು ನಾದಿನಿಯನ್ನು ಕರೆಸಿದೆ. “ಅಣ್ಣ ಮಲಗಿರ್ತಾರೆ, ಪಕ್ಕದಲ್ಲಿ ಕೂತಿರು ಸಾಕು, ಏನು ಮಾಡಿದ್ರೂ ಎಬ್ಬಿಸಬೇಡ,” ಎಂದೆ. ಅವಳು, “ಅತ್ತಿಗೆ, ನಿಮ್ಮ ಮುಖ ಯಾಕೆ ಹೀಗಿದೆ? ಕನ್ನಡಿ ನೋಡ್ಕೊಂಡಿದ್ದೀರಾ?” ಎಂದಳು. ನೋಡಿಕೊಂಡಿರಲಿಲ್ಲ.

ಕಾರ್ಖಾನೆ ತಲುಪಿದಾಗ ಒಂದು ಗಂಟೆ. ಗರಗಸ ನಿಂತಿತ್ತು, ಆಳುಗಳೆಲ್ಲ ಹೊರಗೆ ಮರದ ನೆರಳಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಒಬ್ಬರೂ ಬಾಗಿಲ ಕಡೆಗೆ ಮುಖ ಮಾಡಿರಲಿಲ್ಲ. ಮೊದಲೆಲ್ಲ ಅವರು ಒಳಗೇ ತಿನ್ನುತ್ತಿದ್ದರು, ನನಗೆ ಗೊತ್ತು; ಮಷೀನಿನ ಬಿಸಿ ಇರುತ್ತದೆ ಅಂತ. ಕೊಕ್ಕರೆ ನನ್ನನ್ನು ಕಂಡು ಎದ್ದ. “ಹೋಗ್ಬೇಡಿ ಅಕ್ಕ,” ಎಂದ. ಆದರೆ ತಡೆಯಲು ಹತ್ತಿರ ಬರಲಿಲ್ಲ.

ಒಳಗೆ ಬೆಳಕಿಗೆ ಕೊರತೆಯಿರಲಿಲ್ಲ. ಮೇಲಿನ ಗಾಜಿನ ತಗಡುಗಳಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು, ಧೂಳಿನ ಕಣಗಳು ಅದರಲ್ಲಿ ತೇಲುತ್ತಿದ್ದವು. ಸಾಲಿನ ಹನ್ನೊಂದು ಜಾಗ ಖಾಲಿ, ನಲ್ಲಿಗಳು ಬಂದ್. ಹನ್ನೆರಡನೆಯದರಲ್ಲಿ ನೀರು ಹರಿಯುತ್ತಿತ್ತು. ಮಷೀನು ಗುಯ್‌ಗುಡುತ್ತ ಕಲ್ಲಿನ ಅಂಚಿಗೆ ಒರಗಿ ಎಡದಿಂದ ಬಲಕ್ಕೆ ಸರಿಯುತ್ತಿತ್ತು, ಅದು ಹೋದ ದಾರಿಯಲ್ಲಿ ಕಲ್ಲು ಮಂಕು ಬಿಟ್ಟು ಹೊಳೆಯುತ್ತಿತ್ತು. ಹಿಡಿದವರು ಯಾರೂ ಇರಲಿಲ್ಲ. ಕೆಳಗೆ ಒದ್ದೆ ನೆಲದ ಮೇಲೆ ರಬ್ಬರ್ ಬೂಟಿನ ಎರಡು ಅಚ್ಚು, ಎಡಗಾಲಿನದು ನಮ್ಮವರ ನಡಿಗೆಯ ಹಾಗೇ ಒಳಕ್ಕೆ ತಿರುಗಿತ್ತು. ಅವು ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿದು ಹೊಸದಾಗಿ ಮೂಡುತ್ತಿದ್ದವು.

ನನಗೆ ಓಡಿಹೋಗಬೇಕೆನಿಸಿತ್ತು. ಅಷ್ಟರಲ್ಲಿ ಮಷೀನು ಒಂದು ಕ್ಷಣ ನಿಂತಿತು, ಬಿಲ್ಲೆ ಬದಲಾಯಿಸಲಿಕ್ಕೆ. ಆ ಮೌನದಲ್ಲಿ ನನಗೆ ಉಸಿರು ಕೇಳಿಸಿತು.

ಎಂಥ ಉಸಿರು ಅಂದರೆ, ಮೂಗಿನಿಂದ ಎಳೆದು ಎದೆ ತುಂಬಿಕೊಂಡು, ತೃಪ್ತಿಯಾಗಿ ಹೊರಗೆ ಬಿಡುವ ಉಸಿರು. ಸಿಳ್ಳೆ ಇಲ್ಲ, ಗೊರಗೊರ ಇಲ್ಲ, ನಡುವೆ ಕಟ್ಟುವುದಿಲ್ಲ. ಮದುವೆಯಾದ ಹೊಸದರಲ್ಲಿ ಈ ಮನುಷ್ಯ ಪಕ್ಕದಲ್ಲಿ ಮಲಗಿ ಹೀಗೆ ಉಸಿರಾಡುತ್ತಿದ್ದಾಗ ಗಲಾಟೆ ಅಂತ ದಿಂಬಿನಿಂದ ಹೊಡೆದದ್ದುಂಟು. ಅದನ್ನು ಕೇಳಿ ಮೂರು ವರ್ಷವಾಗಿತ್ತು. ಹೆದರಿಕೆ ಎಲ್ಲಿ ಹೋಯಿತೋ, ನಾನು ಅಲ್ಲೇ ಕಲ್ಲಿನ ಸ್ಟ್ಯಾಂಡಿಗೆ ಒರಗಿ ನಿಂತು ಊಟದ ಹೊತ್ತು ಮುಗಿಯುವವರೆಗೂ ನನ್ನ ಗಂಡ ಉಸಿರಾಡುವುದನ್ನು ಕೇಳಿದೆ. ಅಳು ಬಂತು. ತಡೆಯದೆ ಅತ್ತುಬಿಟ್ಟೆ.

ಮನೆಗೆ ಬಂದು ನಾದಿನಿಯನ್ನು ಕಳಿಸಿದ ಮೇಲೆ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಕೆಮ್ಮು ಶುರುವಾಗಿತ್ತು, ಕಫದಲ್ಲಿ ಬೂದು ಬಣ್ಣ.

“ರೀ, ಮಧ್ಯಾಹ್ನ ಕನಸು ಬೀಳತ್ತಾ?” ಎಂದೆ.

ಅವರು ನಾಚಿಕೊಂಡರು. ಐವತ್ತು ದಾಟಿದ ಗಂಡಸು. “ಕೆಲಸಕ್ಕೆ ಹೋಗೋ ಹಾಗೆ ಬೀಳತ್ತೆ ಕಣೇ. ಅಲ್ಲಿ ಉಸಿರು ಕಟ್ಟಲ್ಲ. ಅದಕ್ಕೇ ಯಾವಾಗ ಮಾತ್ರೆ ಹೊತ್ತಾಗುತ್ತೋ ಅಂತ ಕಾಯ್ತೀನಿ. ಇವತ್ತು ಒಂದು ಉದ್ದದ್ದು ಬಂದಿತ್ತು, ಸಿಂಕಿನ ತೂತಿತ್ತು. ಆಮೇಲೆ…” ಉಸಿರಿಗೆ ನಿಂತರು. “ನೀನೂ ಇದ್ದ ಹಾಗಿತ್ತು. ಸ್ಟ್ಯಾಂಡಿಗೆ ಒರಗಿಕೊಂಡು. ಯಾಕೆ ಅಳ್ತಿದ್ದೆ?”

ಆಗ ನಾನು ದೊಡ್ಡ ತಪ್ಪು ಮಾಡಿದೆ. ಎಲ್ಲ ಹೇಳಿಬಿಟ್ಟೆ. ಗುರುತು, ಉರುಟು ಮೂಲೆ, ಬಟ್ಟೆಯೊಳಗಿನ ರಾಡಿ, ಹೊಸ ಎಕ್ಸ್‌ರೇ, ಅಧಿಕಾರಿ ಹೇಳಿದ ಮಾತು. ಕೇಳಿ ಹೆದರುತ್ತಾರೆ, ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು.

“ನಿಜವಾಗ್ಲೂ? ದಿನಾ ಹನ್ನೊಂದಾ?”

“ಅದೇ ಕೊಲ್ತಿರೋದು ನಿಮ್ಮನ್ನ! ಹೊಸ ಧೂಳು ಅಲ್ಲಿಂದ ಬರ್ತಿರೋದು. ಆಗಲ್ಲ ಅಂತ ಒಂದು ಮಾತು ಹೇಳಿ, ಸಾಕು. ಮನಸ್ಸು ಬಿಟ್ಟರೆ ಕೈ ಬಿಡತ್ತೆ.”

“ಮಾಡ್ತಿರೋನು ಆಗಲ್ಲ ಅಂತ ಹೇಗೆ ಹೇಳಲಿ?” ಎಂದರು, ತಾಳ್ಮೆಯಿಂದ, ಚಿಕ್ಕ ಮಗುವಿಗೆ ಹೇಳುವ ಹಾಗೆ. “ಆ ಯಮ್ಮ ಹೇಳಿದ್ದು ಸರಿಯಾಗಿದೆ. ಕೆಲಸ ಮಾಡಿ ಪೂರ್ತಿ ಕೂಲಿ ದುಡಿಯೋನು ಅಸಮರ್ಥ ಅಲ್ಲ. ಕಾನೂನು ನನ್ನ ಕಡೆಗಿದೆ.”

ಇಪ್ಪತ್ತೆರಡು ವರ್ಷದಲ್ಲಿ ಕಾನೂನು ಇವರ ಕಡೆಗೆ ಬಂದದ್ದು ಅದೇ ಮೊದಲು. ಬೈದೆ, ಕಾಲು ಹಿಡಿದೆ, ಮಾತ್ರೆ ಬಚ್ಚಿಟ್ಟೆ. ಮಾತ್ರೆ ಇಲ್ಲದೆಯೂ ಮಧ್ಯಾಹ್ನಕ್ಕೆ ಸರಿಯಾಗಿ ನಿದ್ದೆ ಬಂತು. ಶನಿವಾರ ಲಕೋಟೆ ಬಂದಾಗ ತಾವೇ ಕೈ ಚಾಚಿ ಕೊಕ್ಕರೆಯ ಹತ್ತಿರ, “ಗುಮಾಸ್ತ ಏನಂದ?” ಎಂದು ಕೇಳಿದರು. ಕೊಕ್ಕರೆ ತಿರುಗಿ ಮೆಟ್ಟಿಲಿಳಿದು ಹೋದ. ಆ ವಾರ ದಿನಕ್ಕೆ ಹದಿಮೂರು ಕಲ್ಲು ಬಿದ್ದಿದ್ದವು, ಇವರು ಮಂಚದಲ್ಲಿ ಒಂದು ಲೋಟ ನೀರು ಕುಡಿಯಲು ಮೂರು ಸಲ ನಿಲ್ಲುತ್ತಿದ್ದರು.

ನಾನು ಒಬ್ಬಳೇ ಮತ್ತೆ ಮೂರನೇ ಮಹಡಿ ಹತ್ತಿದೆ. ಈ ಸಲ ಬೈಯಲು ನಾಲಿಗೆಯೇ ಏಳಲಿಲ್ಲ. ಅಧಿಕಾರಿಗೆ ಕಥೆ ಹೇಳಲಿಲ್ಲ, ಯಾರು ನಂಬುತ್ತಾರೆ. “ಪುಸ್ತಕ ಬೇಡ ಮೇಡಂ, ಮನುಷ್ಯನನ್ನ ನೋಡಿ. ಅವರ ಜಾಗದಲ್ಲಿ ನಿಲ್ಲಿಸಿ ಮಾಡಿಸಿ ನೋಡಿ,” ಎಂದೆ.

ಅವರು ಕಾನೂನಿನ ಪುಸ್ತಕ ತಿರುವಿ ನೋಡಿದರು. “ಅದಕ್ಕೆ ಅವಕಾಶ ಇದೆ. ಕೊನೆಗೆ ಮಾಡ್ತಿದ್ದ ಕೆಲಸ, ಅದೇ ಜಾಗ, ಅದೇ ಮಷೀನು, ಸಾಕ್ಷಿಗಳ ಎದುರಿಗೆ. ಆದ್ರೆ ಅವರು ಎಚ್ಚರದಲ್ಲಿ, ತಮ್ಮ ಇಚ್ಛೆಯಿಂದ ಬರ್ಬೇಕು. ಕೊನೆಗೆ ಅವರೇ ಬಾಯಿಬಿಟ್ಟು ಹೇಳ್ಬೇಕು.”

“ಬರ್ತಾರೆ,” ಎಂದೆ. ಖುಷಿಯಿಂದ ಬರುತ್ತಾರೆ ಎಂದು ನನಗೆ ಗೊತ್ತಿತ್ತು.

ಬಂದರು. ಅವತ್ತು ಬೆಳಿಗ್ಗೆ ಗಡ್ಡ ಮಾಡಿಸಿಕೊಂಡರು, ಕೆಲಸದ ಅಂಗಿಯನ್ನೇ ಕೇಳಿ ಹಾಕಿಸಿಕೊಂಡರು. ಅಂಗಿಯೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗ ಇತ್ತು. “ಇವತ್ತು ಆ ಯಮ್ಮನಿಗೆ ಅಂಚು ಅಂದ್ರೆ ಏನು ಅಂತ ತೋರಿಸ್ತೀನಿ,” ಎಂದರು. ನಾನು ಗುಂಡಿ ಹಾಕುತ್ತಿದ್ದೆ, ತಲೆಯೆತ್ತಲಿಲ್ಲ. ಗೆಲ್ಲಲು ಹೊರಟವರನ್ನು ಸೋಲಿಸಲೆಂದೇ ಕರೆದುಕೊಂಡು ಹೋಗುತ್ತಿದ್ದೆ. ಅದು ಅವರ ಜೀವ ಉಳಿಸಲಿಕ್ಕೆ ಎನ್ನುವುದು ನಿಜ, ಆದರೂ ದ್ರೋಹ ದ್ರೋಹವೇ.

ಸರಿಯಾಗಿ ಹನ್ನೊಂದೂವರೆಗೆ, ಅವರಿಗೆ ನಿದ್ದೆ ಹತ್ತುವ ಹೊತ್ತಿಗೆ, ಕುರ್ಚಿ ಸಮೇತ ಹೊತ್ತು ಒಳಗೆ ಇಳಿಸಿದರು. ಮಾಲೀಕ, ಗುಮಾಸ್ತ, ಅಧಿಕಾರಿ, ಗೋಡೆಗೆ ಬೆನ್ನು ಕೊಟ್ಟ ಹನ್ನೊಂದು ಜನ. ಹನ್ನೆರಡನೆಯ ಜಾಗದಲ್ಲಿ ಅರ್ಧ ತೀಡಿದ ಕಲ್ಲೊಂದು ಸಿದ್ಧವಾಗಿಯೇ ಇತ್ತು, ನಲ್ಲಿ ಸಣ್ಣಗೆ ಹರಿಯುತ್ತಿತ್ತು. ಅದನ್ನು ಯಾರು ಬಿಟ್ಟಿದ್ದು ಎಂದು ಯಾರೂ ಕೇಳಲಿಲ್ಲ. ನಮ್ಮವರು ಎದ್ದು ನಿಂತರು. ಕೊಕ್ಕರೆ ಸೊಂಟ ಹಿಡಿದುಕೊಂಡಿದ್ದ, “ಬಿಡೋ” ಎಂದು ಬಿಡಿಸಿಕೊಂಡರು.

ಮಷೀನು ಎತ್ತಿದರು. ಎರಡೂ ಕೈಯಲ್ಲಿ. ಮೊಣಕೈ ನಡುಗಿತು, ಅವರು ಹಲ್ಲು ಕಚ್ಚಿ ಅದನ್ನು ಅಂಚಿಗೆ ತಂದರು. ಒಂದು ಗೇಣು ಚೆನ್ನಾಗಿ ಹೋಯಿತು. ಗೋಡೆಯ ಹತ್ತಿರ ಯಾರೋ, “ಅಂಚಣ್ಣ!” ಎಂದು ತಡೆಯಲಾರದೆ ಹೇಳಿದ. ಆಮೇಲೆ ಉಸಿರು ಕಟ್ಟಿತು. ಕೈ ಕುಸಿದು ಬಿಲ್ಲೆ ಓರೆಯಾಗಿ ಕಲ್ಲನ್ನು ಕಚ್ಚಿತು, ಕಿರ್ರೆಂದು ಅಂಚಿನಲ್ಲಿ ಬೆರಳು ತೂರುವಷ್ಟು ಗಾಯ ಬಿತ್ತು. ಕೊಕ್ಕರೆ ಓಡಿಬಂದು ಸ್ವಿಚ್ ಆರಿಸಿದ.

ಅವರು ಕುರ್ಚಿಗೆ ಕುಸಿದರು. ಬಾಯಿ ತೆರೆದು ಗಾಳಿ ಎಳೆಯುತ್ತಲೇ ಕೈ ಚಾಚಿ ಆ ಗಾಯವನ್ನು ಮುಟ್ಟಿದರು, ಹೆಬ್ಬೆರಳಿನಿಂದ ಸವರಿದರು, ಮತ್ತೆ ಸವರಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಕಲ್ಲೂ ಕೆಟ್ಟಿರಲಿಲ್ಲ. ಅಲ್ಲಿದ್ದ ಗಂಡಸರೆಲ್ಲ ನೆಲ ನೋಡಿದರು.

ಅಧಿಕಾರಿ ಅವರ ಪಕ್ಕದಲ್ಲಿ ಮಂಡಿಯೂರಿ ಮೆಲ್ಲಗೆ ಕೇಳಿದರು. “ಈ ಕೆಲಸ ನಿಮ್ಮ ಕೈಯಲ್ಲಿ ಆಗುತ್ತಾ?”

ಅವರು ನನ್ನನ್ನು ನೋಡಿದರು. ನಾನು ಯಾಕೆ ಕರೆತಂದೆ ಎನ್ನುವುದು ಅವರಿಗೆ ಆಗ ತಿಳಿಯಿತು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು.

“ಆಗಲ್ಲ,” ಎಂದರು. “ಬರ್ಕೊಳ್ಳಿ.”

ಅಧಿಕಾರಿ ಎದ್ದು ಕಾಗದದಲ್ಲಿ ಆವತ್ತಿನ ತಾರೀಖು ಬರೆದರು. ನಾನು ಪೆನ್ನನ್ನೇ ನೋಡುತ್ತಿದ್ದೆ. ತಲೆಯೆತ್ತಿದಾಗ ಹನ್ನೆರಡನೆಯ ಜಾಗದ ನಲ್ಲಿಯಲ್ಲಿ ನೀರು ನಿಂತಿತ್ತು, ಅದಕ್ಕೆ ಯಾರೂ ಕೈ ಹಾಕಿರಲಿಲ್ಲ, ಕೊಕ್ಕರೆ ಇನ್ನೂ ಸ್ವಿಚ್ಚಿನ ಹತ್ತಿರವೇ ಇದ್ದ.

ಅವತ್ತಿನಿಂದ ಕಾರ್ಖಾನೆಯಲ್ಲಿ ಅರ್ಧಚಂದ್ರದ ಗುರುತು ಒಂದೂ ಬಿದ್ದಿಲ್ಲ. ಆಳುಗಳು ಮತ್ತೆ ಒಳಗೆ ಕೂತು ಊಟ ಮಾಡುತ್ತಿದ್ದಾರಂತೆ. ಹತ್ತು ದಿನದಲ್ಲಿ ಮಂಡಳಿಯ ಆಮ್ಲಜನಕದ ಯಂತ್ರ ಬಂತು, ಮಂಚದ ಪಕ್ಕದಲ್ಲಿ ಗುರುಗುಟ್ಟುತ್ತ ನಿಂತಿದೆ. ಉಗುರು ಬೆಳ್ಳಗಿದೆ. ಹೊಸ ಧೂಳು ನಿಂತಿದೆ, ಚಳಿಗಾಲ ದಾಟುತ್ತಾರೆ, ಜೋಪಾನ ಮಾಡಿದರೆ ಇನ್ನೂ ಎರಡು ಮೂರು ವರ್ಷ ಎಂದು ಡಾಕ್ಟರು ನಗುತ್ತ ಹೇಳಿದರು. ನನಗೆ ಬೇಕಾದದ್ದೆಲ್ಲ ಸಿಕ್ಕಿತು.

ಈಗ ಮಾತ್ರೆ ನುಂಗಿದರೂ ಅವರಿಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಮೂಗಿಗೆ ಕೊಳವೆ ಹಾಕಿಕೊಂಡು ಸೂರು ನೋಡುತ್ತ ಮಲಗಿರುತ್ತಾರೆ. ಮೊನ್ನೆ ನಾನು ಪಕ್ಕದಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದೆ. ಕಣ್ಣು ಸೂರಿನಿಂದ ತೆಗೆಯದೆ ಕೇಳಿದರು.

“ಇನ್ಮೇಲೆ ನಾನು ಎಲ್ಲಿಗೆ ಹೋಗ್ಲಿ?”

“ಎಲ್ಲಿಗೂ ಬೇಡ,” ಎಂದೆ. “ಇಲ್ಲೇ ಇರಿ. ನನ್ನ ಹತ್ರ.”

ಅವರು ತಿರುಗಿ ನನ್ನನ್ನು ನೋಡಿ ತಲೆಯಾಡಿಸಿದರು. ಬಸ್ಸಿನಲ್ಲಿ ಯಾರೋ ಗುರುತಿಲ್ಲದವರು ಸರಿದು ಜಾಗ ಕೊಟ್ಟರೆ ಮರ್ಯಾದೆಗೆ ತಲೆಯಾಡಿಸುತ್ತೇವಲ್ಲ, ಹಾಗೆ.